ಪಾಡ್‌ಕಾಸ್ಟ್: ಮೈಕು ಆಮೇಲೆ, ಕೇಳುವವರು ಮೊದಲು

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಉಮದಿ, ಸಂಖ, ಗುಡ್ಡಾಪುರ, ಮಾಡಗ್ಯಾಳದ ಕಡೆ ಹೋದರೆ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳೂ ಇಲ್ಲಿವೆ. ಆದರೆ ಮರಾಠಿ ಶಾಲೆಯಲ್ಲಿ ಕಲಿತ ಎಷ್ಟೋ ಮಂದಿಗೆ ಕನ್ನಡ ಮಾತು ಸಲೀಸು, ಕನ್ನಡ ಅಕ್ಷರ ಕಷ್ಟ. ಪತ್ರಿಕೆ, ಪುಸ್ತಕ ಮುಟ್ಟದ ಇಂಥವರನ್ನು ಧ್ವನಿ ಮುಟ್ಟುತ್ತದೆ. ಪಾಡ್‌ಕಾಸ್ಟ್‌ಗೆ ಇದಕ್ಕಿಂತ ಹದವಾದ ನೆಲ ಸಿಗುವುದು ಅಪರೂಪ. ಹೀಗಿದ್ದೂ ಶುರು ಮಾಡಬೇಕೆಂದವರು ಹಿಂಜರಿಯುತ್ತಾರೆ, ಶುರು ಮಾಡಿದವರು ನಾಲ್ಕು ಕಂತಿಗೆ ನಿಲ್ಲಿಸುತ್ತಾರೆ. ಇದಕ್ಕೆ ಬಹುಪಾಲು ಕಾರಣ ಕೆಳಗಿನ ತಪ್ಪು ಕಲ್ಪನೆಗಳು.

ತಪ್ಪು ಕಲ್ಪನೆ 1: ರೇಡಿಯೊದಂತೆ ಇದಕ್ಕೂ ಸರಕಾರದ ಪರವಾನಗಿ ಬೇಕು.

ಸತ್ಯ: ಬೇಡ. ಪರವಾನಗಿ ಬೇಕಾಗುವುದು ಗಾಳಿಯ ತರಂಗ ಬಳಸಿ ಪ್ರಸಾರ ಮಾಡುವವರಿಗೆ. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ಯನ್ನು ನೋಡಿ. ಅದು ಶುರುವಾದಾಗ ಹಳ್ಳಿಯ ಸಂಘಗಳಿಗೆ ರೇಡಿಯೊ ಕೇಂದ್ರ ನಡೆಸಲು ಅನುಮತಿ ಇರಲಿಲ್ಲ. ಅಲ್ಲಿಯ ಜನ ತಾವೇ ಕಾರ್ಯಕ್ರಮ ಧ್ವನಿಮುದ್ರಿಸಿ ಸಂಘದ ಸಭೆಗಳಲ್ಲಿ ಕೇಳಿಸಿದರು. 2003ರಲ್ಲಿ ಕೇಬಲ್ ತಂತಿಯ ಮೂಲಕ ಮನೆಮನೆಗೆ ಮುಟ್ಟಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರ ನೀತಿ. ಇಂಟರ್ನೆಟ್ಟಿನಲ್ಲಿ ಧ್ವನಿ ಹಾಕುವವರಿಗೆ ಆ ಅಡ್ಡಿ ಇಲ್ಲ. ಹಾಗಂತ ಕಾನೂನೇ ಇಲ್ಲವೆಂದಲ್ಲ: ಮಾನಹಾನಿ ಮತ್ತು ಕೃತಿಸ್ವಾಮ್ಯದ ಕಾನೂನುಗಳು ಪತ್ರಿಕೆಗೆ ಅನ್ವಯಿಸುವಂತೆ ನಿಮಗೂ ಅನ್ವಯಿಸುತ್ತವೆ. ಊರಿನವರ ಮೇಲೆ ಆರೋಪ ಬರುವ ಮಾತಿದ್ದರೆ ಅವರನ್ನೂ ಕೇಳಿ, ಅವರ ಉತ್ತರವನ್ನೂ ಸೇರಿಸಿ.

ತಪ್ಪು ಕಲ್ಪನೆ 2: ಸ್ಟುಡಿಯೊ, ದುಬಾರಿ ಮೈಕು ಇಲ್ಲದೆ ಆಗುವುದಿಲ್ಲ.

ಸತ್ಯ: ಧ್ವನಿ ಕೆಡುವುದು ಬಹುತೇಕ ಕೋಣೆಯಿಂದ ಮತ್ತು ಅಂತರದಿಂದ. ಬರಿಗೋಡೆಯ ಆರ್‌ಸಿಸಿ ಕೋಣೆಯಲ್ಲಿ ಮಾತು ಗೋಡೆಗೆ ಬಡಿದು ಮರಳಿ ಬಂದು ಮೈಕಿಗೆ ಸೇರುತ್ತದೆ. ಹತ್ತು ಸಾವಿರದ ಮೈಕು ಆ ಪ್ರತಿಧ್ವನಿಯನ್ನು ಇನ್ನಷ್ಟು ಸ್ಪಷ್ಟವಾಗಿ ಹಿಡಿಯುತ್ತದೆ, ಅಷ್ಟೆ. ಜೋಳದ ಚೀಲ ಒಟ್ಟಿದ, ಹಾಸಿಗೆ ಇಟ್ಟ ಒಳಕೋಣೆ ಇದಕ್ಕಿಂತ ಮೇಲು. ಹಗ್ಗ ಕಟ್ಟಿ, ಮಾತಾಡುವವರ ಬೆನ್ನಿಗೊಂದು, ಎದುರಿಗೊಂದು ದಪ್ಪ ಕೌದಿ ಇಳಿಬಿಡಿ. ಫ್ಯಾನ್ ಆರಿಸಿ. ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ಬಾಯಿಯಿಂದ ಒಂದು ಗೇಣು ದೂರ, ತುಸು ಓರೆಯಾಗಿ ಹಿಡಿಯಿರಿ. ನೇರ ಹಿಡಿದರೆ ‘ಪ’, ‘ಫ’, ‘ಭ’ ಬಂದಾಗಲೆಲ್ಲ ಉಸಿರು ಮೈಕಿಗೆ ಬಡಿದು ‘ಧಬ್’ ಎನ್ನುತ್ತದೆ. ಪತ್ರಾಸಿನ ಮನೆಯಾದರೆ ಮಳೆ ಇಲ್ಲದ ಹೊತ್ತು ನೋಡಿಕೊಳ್ಳಿ. ಕರೆಂಟು ಹೋದಾಗ ಸುತ್ತಲಿನ ಮೋಟಾರು, ಗಿರಣಿ ಎಲ್ಲ ಸುಮ್ಮನಾಗುತ್ತವೆ. ರೆಕಾರ್ಡಿಂಗಿಗೆ ಅದು ಒಳ್ಳೆಯ ಸಮಯ. ವಾಟ್ಸ್ಯಾಪ್ ವಾಯ್ಸ್ ಮೆಸೇಜ್ ಬೇಡ, ಅದು ಧ್ವನಿಯನ್ನು ಹಿಂಡಿ ಸಣ್ಣದು ಮಾಡುತ್ತದೆ. ಫೋನಿನ ರೆಕಾರ್ಡರ್ ಆ್ಯಪ್ ಸಾಕು. ದುಡ್ಡು ಕೂಡಿದಾಗ ಮೊದಲು ಕೊಳ್ಳಬೇಕಾದದ್ದು ಅಂಗಿಗೆ ಸಿಕ್ಕಿಸುವ ಕಾಲರ್ ಮೈಕು.

ತಪ್ಪು ಕಲ್ಪನೆ 3: ಮಾತು ಬಂದರೆ ಸಾಕು, ಯೋಜನೆ ಯಾಕೆ?

ಸತ್ಯ: ‘ಜತ್ತದ ಇತಿಹಾಸ’ ಎಂಬ ಹೆಸರಿಟ್ಟು ಕುಳಿತವರು ಮೂರನೆಯ ಕಂತಿಗೆ ಹೇಳಲು ಏನೂ ತೋಚದೆ ನಿಲ್ಲಿಸುತ್ತಾರೆ. ಮೊದಲು ಯಾರಿಗೆ ಎಂದು ಬರೆದುಕೊಳ್ಳಿ. ದ್ರಾಕ್ಷಿ ತೋಟದಲ್ಲಿ ಚಾಟಣಿ ಮಾಡುವವರಿಗೋ, ಕುರಿಯ ಹಿಂದೆ ದಿನವಿಡೀ ನಡೆಯುವವರಿಗೋ, ಪುಣೆಯಲ್ಲಿ ಕೆಲಸಕ್ಕಿರುವ ಊರಿನ ಹುಡುಗರಿಗೋ? ಒಬ್ಬರನ್ನು ಆರಿಸಿದ ಮೇಲೆ ವಿಷಯ, ಉದ್ದ, ಭಾಷೆ ಎಲ್ಲ ತಾನಾಗಿ ತೀರ್ಮಾನವಾಗುತ್ತವೆ.

ಆಮೇಲೆ ಮೈಕು ಮುಟ್ಟುವ ಮೊದಲೇ ಆರು ಕಂತುಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಒಂದೇ ಪ್ರಶ್ನೆ ಇಡಿ. ಜತ್ತದಲ್ಲಿ ವಿಷಯಕ್ಕೆ ಬರವಿಲ್ಲ. ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮ ಗುಡ್ಡಾಪುರದ ದಾನಮ್ಮದೇವಿ ಆದದ್ದು ಹೇಗೆ, ಕರ್ನಾಟಕದ ಭಕ್ತರು ಅಲ್ಲಿಗೆ ನಡೆದುಕೊಂಡು ಬರುವುದೇಕೆ? ನೀರಿಲ್ಲವೆಂದು 2012ರಲ್ಲಿ ಇಲ್ಲಿನ ಹಳ್ಳಿಗಳು ಕರ್ನಾಟಕಕ್ಕೆ ಸೇರುವ ಠರಾವು ಮಾಡಿದ್ದವು. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನೆತ್ತಿ ಮಾತಾಡಿದಾಗ ಎರಡೂ ರಾಜ್ಯಗಳಲ್ಲಿ ಗದ್ದಲವೆದ್ದಿತು. ಆ ಠರಾವಿಗೆ ಕೈ ಎತ್ತಿದವರು ಇಂದು ಏನನ್ನುತ್ತಾರೆ? ಮ್ಹೈಸಾಳ ಏತ ನೀರಾವರಿಯ ನೀರು ಯಾವ ಹೊಲಕ್ಕೆ ಬಂತು, ಯಾವುದಕ್ಕೆ ಬರಲಿಲ್ಲ? ಇವುಗಳಲ್ಲಿ ಒಂದೊಂದೂ ಒಂದು ಪೂರ್ಣ ಕಂತು.

ಸಂದರ್ಶನದ ಪ್ರಶ್ನೆಗೂ ಇದೇ ಮಾತು. ಮಾಡಗ್ಯಾಳ ತಳಿಯ ಕುರಿ ಸಾಕುವವರೊಬ್ಬರ ಮುಂದೆ ಕುಳಿತು, ‘ಕುರಿ ಸಾಕಾಣಿಕಿ ಬಗ್ಗೆ ನಿಮ್ಮ ಅಭಿಪ್ರಾಯ ಏನ್ರಿ?’ ಎಂದರೆ, ‘ಛಲೋ ಐತ್ರಿ’ ಎಂದು ಮುಗಿಸುತ್ತಾರೆ. ‘ಕಾಕಾ, ಸಂತಿಯೊಳಗ ನೂರು ಕುರಿ ನಿಂತಿರ್ತಾವ. ಅದರಾಗ ಮಾಡಗ್ಯಾಳ ಕುರಿ ಯಾವುದಂತ ಹೆಂಗ ಗುರುತು ಹಿಡೀತೀರಿ?’ ಎಂದು ಕೇಳಿ. ಬಾಗಿದ ಮೂಗು, ಬಿಳಿ ಮೈಮೇಲಿನ ಕಂದು ಮಚ್ಚೆ, ಎತ್ತರದ ಕಾಲಿನಿಂದ ಶುರುವಾದ ಮಾತು ಮೇವು, ಬೆಲೆ, ಬರಗಾಲದ ತನಕ ಹೋಗುತ್ತದೆ. ‘ಹೌದು’, ‘ಇಲ್ಲ’ ಎಂದು ಮುಗಿಸಬಹುದಾದ ಪ್ರಶ್ನೆಯನ್ನು ಪಟ್ಟಿಯಿಂದ ಹೊಡೆದುಹಾಕಿ.

ತಪ್ಪು ಕಲ್ಪನೆ 4: ಪುಸ್ತಕದ ಕನ್ನಡ ಆಡಿದರೇ ಮರ್ಯಾದೆ. ಗಡಿಯ ಕನ್ನಡಕ್ಕೆ ನಗುತ್ತಾರೆ.

ಸತ್ಯ: ನಮ್ಮ ನೆರೆಯ ತೆಲಂಗಾಣದ ‘ಸಂಘಂ ರೇಡಿಯೊ’ 2008ರಲ್ಲಿ ಶುರುವಾಯಿತು. ನಡೆಸುವವರು ದಲಿತ ಹೆಣ್ಣುಮಕ್ಕಳು, ಆಡುವುದು ತಮ್ಮ ಊರಿನ ತೆಲುಗು. ಆ ಕೇಂದ್ರಕ್ಕೆ ಬೆಲೆ ಬಂದದ್ದೇ ಆ ಮಾತಿನಿಂದ. ಜತ್ತದ ಮಾತಿನಲ್ಲಿ ಮರಾಠಿ ಬೆರೆತಿರುವುದು ಸಹಜ, ಕೇಳುವವರೂ ಅದನ್ನೇ ಆಡುತ್ತಾರೆ. ಬೆಂಗಳೂರಿನ ‘ತಲೆ-ಹರಟೆ’ಯಂಥ ಕನ್ನಡ ಪಾಡ್‌ಕಾಸ್ಟ್ ಕೇಳಿ ಸಂದರ್ಶನದ ಓಟವನ್ನು ಕಲಿಯಬಹುದು, ಅವರ ಉಚ್ಚಾರವನ್ನು ಎರವಲು ತರಬೇಕಿಲ್ಲ. ಬರೆದದ್ದನ್ನು ಓದುವ ರೂಢಿ ಇದ್ದರೆ ಬಿಡಿ. ಮುಖ್ಯ ಅಂಶಗಳನ್ನಷ್ಟೇ ಚೀಟಿಯಲ್ಲಿಟ್ಟುಕೊಂಡು, ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ಮಾತಾಡಿ.

ತಪ್ಪು ಕಲ್ಪನೆ 5: ಎಡಿಟಿಂಗ್ ಎಂದರೆ ಹಾಡು, ಎಫೆಕ್ಟು ಸೇರಿಸುವುದು.

ಸತ್ಯ: ಎಡಿಟಿಂಗ್‌ನಲ್ಲಿ ಮುಕ್ಕಾಲು ಕೆಲಸ ತೆಗೆಯುವುದು. ‘ಎಲ್ಲರಿಗೂ ನಮಸ್ಕಾರ, ಇವತ್ತಿನ ಸಂಚಿಕೆಗೆ ಸ್ವಾಗತ’ ಎಂಬ ಪೀಠಿಕೆಯ ಎರಡು ನಿಮಿಷ, ಒಂದೇ ಮಾತನ್ನು ಎರಡು ಸಲ ಹೇಳಿದ್ದು, ನಡುವೆ ಚಹಾ ಬಂದದ್ದು ಎಲ್ಲವೂ ಹೋಗಲಿ. ಹಿರಿಯರು ನೆನಪು ಮಾಡಿಕೊಳ್ಳುವ ಮೌನ ಮಾತ್ರ ಇರಲಿ. 2000ದಿಂದಲೂ ಉಚಿತವಾಗಿ ಸಿಗುವ ‘ಆಡಾಸಿಟಿ’ ತಂತ್ರಾಂಶ ಈ ಕೆಲಸಕ್ಕೆ ಸಾಕು. ಕೊನೆಗೆ ಒಬ್ಬೊಬ್ಬರ ಧ್ವನಿಯ ಮಟ್ಟವನ್ನೂ ಸಮ ಮಾಡಿ, ಆಮೇಲೆ ಇಡೀ ಕಂತಿನ ಗಟ್ಟಿತನ ಹೊಂದಿಸಿ: ಆಪಲ್ ಪಾಡ್‌ಕಾಸ್ಟ್ಸ್ ಹೇಳುವ ಅಳತೆ ಮೈನಸ್ 16 ಎಲ್‌ಯುಎಫ್‌ಎಸ್. ಹೀಗೆ ಮಾಡಿದರೆ ಒಬ್ಬರ ದನಿ ಕಿರುಚಿದಂತೆ, ಇನ್ನೊಬ್ಬರದು ಬಾವಿಯೊಳಗಿಂದ ಬಂದಂತೆ ಕೇಳುವುದಿಲ್ಲ.

ಸಿನಿಮಾ ಹಾಡಿನ ತುಣುಕು ಹಾಕಬೇಡಿ. ‘ಹತ್ತು ಸೆಕೆಂಡಾದರೆ ಪರವಾಗಿಲ್ಲ’ ಎಂಬ ವಿನಾಯಿತಿ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಡೊಳ್ಳಿನ ಪದ, ಬೀಸುವ ಪದ ಊರಿನ ಆಸ್ತಿ, ನಿಜ. ಆದರೆ ಕ್ಯಾಸೆಟ್ ಕಂಪನಿ ಮಾಡಿದ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಅದಕ್ಕೇ ಇರುತ್ತದೆ. ಊರಿನ ಭಜನಾ ಮೇಳವನ್ನೇ ಕೇಳಿ ಹಾಡಿಸಿ, ಒಪ್ಪಿಗೆಯನ್ನು ಅದೇ ರೆಕಾರ್ಡಿಂಗಿನಲ್ಲಿ ಹೇಳಿಸಿ, ಹಾಡಿದವರ ಹೆಸರು ಹೇಳಿ.

ತಪ್ಪು ಕಲ್ಪನೆ 6: ಕಂತು ಇಪ್ಪತ್ತು ನಿಮಿಷವಾದರೂ ಇರಬೇಕು. ಒಂದು ತಾಸು ಇದ್ದರೆ ಇನ್ನೂ ಘನ.

ಸತ್ಯ: ಉದ್ದಕ್ಕೆ ನಿಯಮವಿಲ್ಲ. ಹೇಳುವುದು ಮುಗಿದಾಗ ಕಂತು ಮುಗಿಯಬೇಕು. ಕೇಳುವವರ ಡೇಟಾದ ಲೆಕ್ಕ ಮಾತ್ರ ಇರಲಿ. ಬರೀ ಮಾತಿಗೆ ಸ್ಟೀರಿಯೊ ಬೇಕಿಲ್ಲ. ಮೊನೊ, 64 ಕೆಬಿಪಿಎಸ್ ಎಂಪಿ3 ಮಾಡಿದರೆ 20 ನಿಮಿಷಕ್ಕೆ ಸುಮಾರು 10 ಎಂಬಿ. ನೆಟ್‌ವರ್ಕ್ ಸಿಗುವಲ್ಲಿ ಇಳಿಸಿಕೊಂಡು, ಸಿಗದ ಅಡವಿಯಲ್ಲೂ ಕೇಳಬಹುದು.

ತಪ್ಪು ಕಲ್ಪನೆ 7: ಯಾವುದಾದರೊಂದು ಆ್ಯಪ್‌ಗೆ ಹಾಕಿದರೆ ಮುಗಿಯಿತು.

ಸತ್ಯ: ಪಾಡ್‌ಕಾಸ್ಟ್ ನಿಂತಿರುವುದು ಆರ್‌ಎಸ್‌ಎಸ್ ಫೀಡ್ ಮೇಲೆ. ಧ್ವನಿಯ ಕಡತ ಒಂದು ಹೋಸ್ಟಿಂಗ್ ಜಾಗದಲ್ಲಿರುತ್ತದೆ, ಫೀಡ್ ಎಂಬ ಪಟ್ಟಿ ಅದರ ವಿಳಾಸವನ್ನು ಎಲ್ಲ ಆ್ಯಪ್‌ಗಳಿಗೂ ತಿಳಿಸುತ್ತದೆ. 2024ರಲ್ಲಿ ಗೂಗಲ್ ತನ್ನ ಪಾಡ್‌ಕಾಸ್ಟ್ ಆ್ಯಪ್ ಮುಚ್ಚಿತು. ತಮ್ಮದೇ ಫೀಡ್ ಇದ್ದವರು ಕಳಕೊಂಡದ್ದು ಒಂದು ಅಂಗಡಿಯನ್ನು ಮಾತ್ರ, ಸರಕನ್ನಲ್ಲ. ಸ್ಪಾಟಿಫೈ ಉಚಿತ ಹೋಸ್ಟಿಂಗ್ ಕೊಡುತ್ತದೆ, ಆರಂಭಕ್ಕೆ ಅದು ನಡೆಯುತ್ತದೆ. ಮೂಲ ಕಡತಗಳ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ. ಇನ್ನು ಜತ್ತದ ಕೇಳುಗರಿಗಾಗಿ ಪ್ರತಿ ಕಂತಿನ ಹೆಸರನ್ನು ಕನ್ನಡದ ಜೊತೆ ಮರಾಠಿ ಲಿಪಿಯಲ್ಲೂ ಬರೆಯಿರಿ. ಕನ್ನಡ ಓದಲು ಬಾರದವರು ಅದನ್ನು ಹುಡುಕುವುದು ಬೇರೆ ಹೇಗೆ?

ತಪ್ಪು ಕಲ್ಪನೆ 8: ಸಾವಿರ ಜನ ಕೇಳದಿದ್ದರೆ ಸೋತಂತೆ.

ಸತ್ಯ: ಒಟ್ಟು ಸಂಖ್ಯೆ ಹೇಳುವುದು ಕಡಿಮೆ. ಅಂತರರಾಷ್ಟ್ರೀಯ ಅಳತೆಯ ಪ್ರಕಾರ ಒಂದು ನಿಮಿಷದಷ್ಟು ಧ್ವನಿ ಇಳಿದರೂ ಅದು ಒಂದು ಡೌನ್‌ಲೋಡ್. ಅವರು ಪೂರ್ತಿ ಕೇಳಿದರೋ ಇಲ್ಲವೋ ಅದರಿಂದ ಗೊತ್ತಾಗದು. ಸುಧಾರಣೆಗೆ ಬೇಕಾದದ್ದು ಕೇಳುಗರು ಯಾವ ನಿಮಿಷಕ್ಕೆ ಬಿಟ್ಟುಹೋದರು ಎಂಬ ಗೆರೆ. ಸ್ಪಾಟಿಫೈ, ಆಪಲ್ ಎರಡೂ ಅದನ್ನು ತೋರಿಸುತ್ತವೆ. ಮೊದಲ ನಿಮಿಷದಲ್ಲೇ ಗೆರೆ ಕುಸಿದರೆ ಪೀಠಿಕೆ ಉದ್ದವಾಗಿದೆ. ನಡುವೆ ಎಲ್ಲೋ ಬಿದ್ದರೆ ಆ ನಿಮಿಷಕ್ಕೆ ಹೋಗಿ ಕೇಳಿ, ನೀವೇ ವಿಷಯ ಬಿಟ್ಟು ಎಲ್ಲೋ ಹೋಗಿರುತ್ತೀರಿ. ಗೆರೆ ಹೇಳದ್ದನ್ನು ಜನ ಹೇಳುತ್ತಾರೆ. ನಾಲ್ಕೈದು ಮಂದಿಗೆ ಕಂತು ಕೇಳಿಸಿ, ‘ಹೆಂಗಿತ್ತು?’ ಎನ್ನುವ ಬದಲು ‘ಇದರಾಗ ನಿಮಗ ಏನ್ ನೆನಪುಳೀತು?’ ಎಂದು ಕೇಳಿ. ಏನೂ ನೆನಪಿಲ್ಲದಿದ್ದರೆ ಮುಂದಿನ ಕಂತಿನ ವಿಷಯ ಇನ್ನೂ ಕಿರಿದಾಗಬೇಕು. ಒಂದು ಕಂತಿನಲ್ಲಿ ಒಂದೇ ದೋಷ ತಿದ್ದಿ, ವಾರಕ್ಕೊಂದು ಆಗದಿದ್ದರೆ ಹದಿನೈದು ದಿನಕ್ಕೊಂದು ಮಾಡಿ, ಹೇಳಿದ ದಿನ ತಪ್ಪಿಸಬೇಡಿ.

ಜತ್ತದ ಕನ್ನಡ ಮನೆಗಳಲ್ಲಿ ಪದ, ಕತೆ, ಬರಗಾಲದ ನೆನಪು ಇನ್ನೂ ಬಾಯಲ್ಲೇ ಉಳಿದಿವೆ. ಅವನ್ನು ಬಲ್ಲ ಹಿರಿಯರಿಗೆ ವಯಸ್ಸಾಗುತ್ತಿದೆ. ಮೈಕಿಗೆ ದುಡ್ಡು ಕೂಡುವವರೆಗೆ ಕಾಯಬೇಡಿ. ಈ ವಾರ ನಿಮ್ಮ ಓಣಿಯ ಒಬ್ಬ ಹಿರಿಯರನ್ನು ಆರಿಸಿ, ಒಂದು ಒಳ್ಳೆಯ ಪ್ರಶ್ನೆ ಬರೆದುಕೊಂಡು ಹೋಗಿ, ಫೋನು ಇಟ್ಟು ಸುಮ್ಮನೆ ಕೇಳಿ.