ಟ್ಯೂನಿಂಗ್ ಗುಂಡಿ ಲೆಕ್ಕ ತಪ್ಪಿದಾಗ

ತೆಂಗಿನ ತೋಟದಲ್ಲಿ ಮನೆ ಕಟ್ಟಿಕೊಂಡ ಹ್ಯಾಮ್ ರೇಡಿಯೋ ಹವ್ಯಾಸಿಗೆ ಆಂಟೆನಾ ಕಂಬದ ಚಿಂತೆಯಿಲ್ಲ. 7 ಮೆಗಾಹರ್ಟ್ಸ್‌ನ 40 ಮೀಟರ್ ಬ್ಯಾಂಡಿಗೆ ಡೈಪೋಲ್ ಕಟ್ಟಲು ಸುಮಾರು 20 ಮೀಟರ್, ಅಂದರೆ 66 ಅಡಿ ತಂತಿ ಸಾಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ 30 ಅಡಿ ಅಂತರಕ್ಕೆ ಸಸಿ ನೆಟ್ಟ ತೋಟವಿದ್ದರೆ ನಡುವೆ ಎರಡು ಮರ ಬಿಟ್ಟು ಮುಂದಿನದಕ್ಕೆ ಎಳೆದು, ಉಳಿದ ಅಂತರಕ್ಕೆ ನೈಲಾನ್ ಹಗ್ಗ ಸೇರಿಸಿದರಾಯಿತು. ಗಾಳಿಗೆ ಮರ ತೂಗುತ್ತದೆ, ಹಗ್ಗ ಕೊಂಚ ಸಡಿಲವಿರಬೇಕು, ಅಷ್ಟೇ.

ತೊಂದರೆ ಬರುವುದು ಒಳಗೆ, ಮೇಜಿನ ಮೇಲಿರುವ ಅಂಗೈಯಗಲದ ಸೆಟ್ಟಿನಲ್ಲಿ. ಕೆಲವು ವರ್ಷ ಚೆನ್ನಾಗಿ ನಡೆದ ಸೆಟ್ಟಿನ ಮುಂದಿನ ದೊಡ್ಡ ಗುಂಡಿ ಒಂದು ದಿನ ಹೇಳಿದ ಮಾತು ಕೇಳುವುದಿಲ್ಲ. 7.090ರಿಂದ ಮೇಲಕ್ಕೆ ತಿರುಗಿಸಿದರೆ 7.091ಕ್ಕೆ ಹೋಗಿ 7.089ಕ್ಕೆ ಇಳಿಯುತ್ತದೆ. ಎಸ್‌ಎಸ್‌ಬಿ ವಿಧಾನದ ಮಾತಿನಲ್ಲಿ ನೂರು ಹರ್ಟ್ಸ್ ಆಚೀಚೆಯಾದರೂ ಆ ಕಡೆಯವರ ದನಿ ಕೆಡುತ್ತದೆ. ಇಲ್ಲಿ ಸಾವಿರ ಹರ್ಟ್ಸ್ ಕುಣಿತ. ‘ಸೆಟ್ ಹೋಯ್ತು’ ಎಂದು ಅದನ್ನು ಮೂಲೆಗೆ ಸೇರಿಸುವವರೇ ಹೆಚ್ಚು. ಆದರೆ ಸಾಮಾನ್ಯವಾಗಿ ಸೆಟ್ಟಿಗೆ ಏನೂ ಆಗಿರುವುದಿಲ್ಲ. ಕೆಟ್ಟಿರುವುದು ಗುಂಡಿಯ ಹಿಂದಿರುವ ಬೆರಳ ತುದಿಯಷ್ಟು ದೊಡ್ಡ ಬಿಡಿಭಾಗ ಮಾತ್ರ.

ಹಳೆಯ ವಾಲ್ವ್ ರೇಡಿಯೋದಲ್ಲಿ ಗುಂಡಿ ತಿರುಗಿಸಿದರೆ ದಾರ ಎಳೆದು ಗ್ಯಾಂಗ್ ಕಂಡೆನ್ಸರಿನ ರೆಕ್ಕೆಗಳು ಒಂದರೊಳಗೊಂದು ಸೇರುತ್ತಿದ್ದವು, ನಿಲ್ದಾಣ ಬದಲಾಗುತ್ತಿತ್ತು. ಈಗಿನ ಗುಂಡಿ ಯಾವುದನ್ನೂ ಎಳೆಯುವುದಿಲ್ಲ. ಅದಕ್ಕೆ ಗೊತ್ತಿರುವುದು ಎಣಿಕೆ ಒಂದೇ. ಹೈದರಾಬಾದಿನ ಅಶ್ಹರ್ ಫರ್ಹಾನ್ ವಿನ್ಯಾಸ ಮಾಡಿದ, 2017ರಲ್ಲಿ ಹೊರಬಂದ ಮೈಕ್ರೋಬಿಟೆಕ್ಸ್ ಎಂಬ ಪುಟ್ಟ ಸೆಟ್ಟನ್ನೇ ನೋಡಿ. 3ರಿಂದ 30 ಮೆಗಾಹರ್ಟ್ಸ್‌ವರೆಗೆ ಹೋಗುವ ಅದರಲ್ಲಿ ಗುಂಡಿಯ ಮಿಡಿತಗಳನ್ನು ಒಂದು ಆರ್ಡುವಿನೋ ನ್ಯಾನೋ ಎಣಿಸುತ್ತದೆ. ಲೆಕ್ಕ ಸಿಕ್ಕಮೇಲೆ ಎಸ್‌ಐ5351 ಎಂಬ ಚಿಪ್ಪಿಗೆ ‘ಇಷ್ಟು ಫ್ರೀಕ್ವೆನ್ಸಿ ಕೊಡು’ ಎಂದು ಎರಡು ತಂತಿಯ ಮೇಲೆ ಹೇಳಿ ಕಳಿಸುತ್ತದೆ. ಅದರ ಸರ್ಕ್ಯೂಟು, ಪ್ರೋಗ್ರಾಮು ಎರಡೂ ಬಹಿರಂಗವಾಗಿವೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಸೆಟ್ ನನಗೆ ತೋಚುವುದಿಲ್ಲ.

ಎಣಿಸುವ ಆ ಬಿಡಿಭಾಗದ ಹೆಸರು ರೋಟರಿ ಎನ್‌ಕೋಡರ್. ಒಳಗೊಂದು ಬಿಲ್ಲೆ; ಅದರ ಮೇಲೆ ಲೋಹದ ಪಟ್ಟಿಗಳು; ಪಟ್ಟಿಗಳನ್ನು ಸವರುವ ಎರಡು ಸ್ಪ್ರಿಂಗ್ ಬೆರಳುಗಳು, ಎ ಮತ್ತು ಬಿ. ಜಾಣತನವಿರುವುದು ಆ ಎರಡರ ಜೋಡಣೆಯಲ್ಲಿ. ಒಂದು ಪಟ್ಟಿಯನ್ನು ಎರಡೂ ಒಟ್ಟಿಗೆ ಮುಟ್ಟುವುದಿಲ್ಲ. ಒಂದು ಬೆರಳು ಮಿಡಿತದ ಕಾಲು ಭಾಗದಷ್ಟು ಮೊದಲು, ಇನ್ನೊಂದು ಆಮೇಲೆ. ಹಾಗಾಗಿ ಬಲಕ್ಕೆ ತಿರುಗಿಸಿದರೆ 00, 01, 11, 10 ಎಂಬ ಕ್ರಮ. ಎಡಕ್ಕೆ ಅದೇ ಕ್ರಮ ಹಿಂದುಮುಂದು. ಯಾರು ಮೊದಲು ಮುಟ್ಟಿದರು ಎಂಬುದೇ ದಿಕ್ಕು, ಎಷ್ಟು ಸಲ ಮುಟ್ಟಿದರು ಎಂಬುದೇ ದೂರ. ಕಟಕಟ ಸದ್ದಿನ ಸಾಮಾನ್ಯ ಎನ್‌ಕೋಡರಿನಲ್ಲಿ ಒಂದು ಸುತ್ತಿಗೆ 20 ಮೆಟ್ಟಿಲು. ದುಬಾರಿ ಸೆಟ್ಟುಗಳಲ್ಲಿ ಬೆರಳಿನ ಬದಲು ಬೆಳಕಿರುತ್ತದೆ: ಸೀಳುಗಳಿರುವ ಬಿಲ್ಲೆ, ಈ ಕಡೆ ಎಲ್‌ಇಡಿ, ಆ ಕಡೆ ಎರಡು ಬೆಳಕುಗ್ರಾಹಿಗಳು.

ಸವರುವ ಬೆರಳಿಗೆ ಕಾರ್ಖಾನೆಯಲ್ಲಿ ಹಚ್ಚಿದ ಗ್ರೀಸು ವರ್ಷ ಕಳೆದಂತೆ ಗಟ್ಟಿಯಾಗುತ್ತದೆ. ಬೆಳ್ಳಿ ಲೇಪವಿದ್ದರೆ ಗಾಳಿಯಲ್ಲಿರುವ ಗಂಧಕದ ಅಂಶ ತಗುಲಿ ಕಪ್ಪಾಗುತ್ತದೆ. ನಮ್ಮ ಸೀಮೆಯಲ್ಲಿ ಮೇಲಿಂದ ನಾರಿನ ಧೂಳು, ಒಲೆಯ ಮಸಿ ಬೇರೆ. ಸ್ಪರ್ಶ ಸರಿಯಾಗದ ಬೆರಳು ಒಂದು ಮಿಡಿತದ ಜಾಗದಲ್ಲಿ ಕೆಲವು ಮಿಲಿಸೆಕೆಂಡ್ ಕಾಲ ಪಟಪಟ ನಾಲ್ಕಾರು ಮಿಡಿತ ಕೊಡುತ್ತದೆ, ಇಲ್ಲವೇ ಕೊಡುವುದೇ ಇಲ್ಲ. ಪ್ರೋಗ್ರಾಮು ಪಾಪ, ಕೊಟ್ಟದ್ದನ್ನೆಲ್ಲ ಎಣಿಸುತ್ತದೆ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ರೋಗ ಗುರುತಿಸಬೇಕು. ಅಟ್ಟದ ಕಾಯಿ ಕೊಬ್ಬರಿಯಾಗಿದೆಯೇ ಎಂದು ತಿಳಿಯಲು ಯಾರೂ ಒಡೆಯುವುದಿಲ್ಲ, ಕಿವಿಯ ಬಳಿ ಅಲ್ಲಾಡಿಸಿ ಗಿಟುಕಿನ ಸದ್ದು ಕೇಳುತ್ತಾರೆ. ಸೆಟ್ಟಿಗೂ ಅದೇ ಪರೀಕ್ಷೆ. ಡಯಲ್ ಲಾಕ್ ಒತ್ತಿಹೋಗಿದೆಯೇ, ಮೊದಲು ನೋಡಿ. ಗುಂಡಿ ಮಾತ್ರ ತಿರುಗಿ ದಂಡ ನಿಂತಿದ್ದರೆ ಪಕ್ಕದ ಅಲೆನ್ ಸ್ಕ್ರೂ ಸಡಿಲ. ಯಾವ ಕಡೆ ತಿರುಗಿಸಿದರೂ ಸಂಖ್ಯೆ ಒಂದೇ ದಿಕ್ಕಿಗೆ ಹೋದರೆ, ಇಲ್ಲವೇ ನಿಂತಲ್ಲೇ ತೂಗಾಡಿದರೆ, ಒಂದು ಬೆರಳು ಸತ್ತಿದೆ. ನಿಧಾನಕ್ಕೆ ಸರಿಯಾಗಿದ್ದು ವೇಗಕ್ಕೆ ಮಾತ್ರ ತಪ್ಪಿದರೆ ಎಣಿಸುವ ಪ್ರೋಗ್ರಾಮು ಸಾಲುತ್ತಿಲ್ಲ. ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಮೈಕಿನ ಗುಂಡಿ ಒತ್ತಿದಾಗ ಮಾತ್ರ ಸಂಖ್ಯೆ ಹಾರಿದರೆ ತಪ್ಪು ಎನ್‌ಕೋಡರಿನದಲ್ಲ: ಮನೆಗೆ ತೀರ ಹತ್ತಿರದ ಮರಕ್ಕೆ ಕಟ್ಟಿದ ತಂತಿಯಿಂದ ರೇಡಿಯೋ ಶಕ್ತಿ ಸೆಟ್ಟಿನೊಳಕ್ಕೇ ನುಗ್ಗುತ್ತಿದೆ.

ರೋಗ ಬೆರಳಿನದೇ ಎಂದಾದರೆ ಕರೆಂಟು, ಬ್ಯಾಟರಿ ಎರಡನ್ನೂ ತೆಗೆದು ಎನ್‌ಕೋಡರನ್ನು ಬಿಚ್ಚಿ. ಮೂರು ಕಾಲುಗಳಲ್ಲಿ ನಡುವಿನದು ಸಾಮಾನ್ಯವಾಗಿ ಎರಡಕ್ಕೂ ಸೇರಿದ್ದು. ಮಲ್ಟಿಮೀಟರನ್ನು ಬಝರಿಗಿಟ್ಟು ಒಂದು ಕಡ್ಡಿ ಅಲ್ಲಿ, ಇನ್ನೊಂದು ಪಕ್ಕದ ಕಾಲಿಗೆ ಹಿಡಿದು ಮೆಲ್ಲಗೆ ತಿರುಗಿಸಿ. ಸದ್ದು ಬಂದು ನಿಂತು ಬರಬೇಕು. ಗೊರಗೊರ ಎಂದರೆ ಕೊಳೆ. ದಂಡದ ಸಂದಿನಿಂದ ಒಂದೆರಡು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಬಿಟ್ಟು ಎರಡೂ ಕಡೆಗೆ ಚೆನ್ನಾಗಿ ತಿರುಗಿಸಿ, ಪೂರ್ತಿ ಒಣಗಲು ಬಿಡಿ. ಅದಕ್ಕೂ ಜಗ್ಗದಿದ್ದರೆ ತಗಡಿನ ಕೊಕ್ಕೆಗಳನ್ನು ಎಬ್ಬಿಸಿ ಬಿಲ್ಲೆಯನ್ನೇ ಒರೆಸಬಹುದು. ಉಪ್ಪುಕಾಗದ ಬೇಡ, ಲೇಪ ಬಹಳ ತೆಳು. ಕೊಬ್ಬರಿ ಎಣ್ಣೆಯಂತೂ ಖಂಡಿತ ಬೇಡ. ಕೀಲಿಗೂ ಕಬ್ಬಿಣಕ್ಕೂ ಅದನ್ನೇ ಹಾಕಿ ರೂಢಿಯಾದ ಕೈ ನಮ್ಮದು. ಆದರೆ ಅದು ವಿದ್ಯುತ್ ಹರಿಸದ ಪದರ, ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಮಾಗಿಯ ಬೆಳಗ್ಗೆ ಗುಂಡಿ ಮತ್ತೆ ಕೈಕೊಡುತ್ತದೆ.

ಪಟ್ಟಿ ಸವೆದೇಹೋಗಿದ್ದರೆ ಹೊಸದು ಹಾಕುವುದೇ ಸರಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದು ಹೋಗಿ: ದಂಡದ ಉದ್ದ, ಸುತ್ತಿಗೆ ಎಷ್ಟು ಮಿಡಿತ, ಕಟಕಟ ಇದೆಯೋ ಇಲ್ಲವೋ, ಇವು ಹೊಂದಲೇಬೇಕು. ಎ ಮತ್ತು ಬಿ ಕಾಲುಗಳಿಗೆ 10 ಕಿಲೋಓಮ್ ರೆಸಿಸ್ಟರು, 0.01 ಮೈಕ್ರೋಫ್ಯಾರಡ್ ಕೆಪಾಸಿಟರು ಸೇರಿಸಿದರೆ ಸಣ್ಣಪುಟ್ಟ ಪಟಪಟ ಅಲ್ಲೇ ಅಡಗುತ್ತದೆ.

ರಿಪೇರಿಯಾದ ಸೆಟ್ಟನ್ನು ಮೊದಲು ಆಂಟೆನಾ ಬದಲು 50 ಓಮ್ ಡಮ್ಮಿ ಲೋಡಿಗೆ ಜೋಡಿಸಿ ಪರೀಕ್ಷಿಸಿ. ಕುಣಿಯುವ ಗುಂಡಿಯಿಂದ ನಮ್ಮ ಬ್ಯಾಂಡಿನ ಗಡಿ ದಾಟಿ ಮಾತಾಡಿದರೂ ಹೊಣೆ ಪರವಾನಗಿ ಪಡೆದವರದೇ. ಆ ಪರವಾನಗಿಯ ಪರೀಕ್ಷೆಯನ್ನು 12 ವರ್ಷ ತುಂಬಿದ ಯಾರಾದರೂ ಬರೆಯಬಹುದು. ನಮ್ಮ ಮೂರು ತಾಲ್ಲೂಕುಗಳ ಪ್ರೌಢಶಾಲೆಯ ವಿಜ್ಞಾನ ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಕೆಟ್ಟ ಎನ್‌ಕೋಡರ್ ಸಿಕ್ಕರೆ ಎಸೆಯಬೇಡಿ, ಮಕ್ಕಳ ಕೈಗೆ ಕೊಟ್ಟು ಬಿಚ್ಚಿಸಿ.