ಗೋವಾ ವಿಮೋಚನೆ: ಮಾತುಕತೆ ಮತ್ತು ಒತ್ತಡದ ನಡುವಿನ ನಿರ್ಧಾರವನ್ನು ಬೋಧಿಸುವುದು ಹೇಗೆ?

ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಗೋವಾ ವಿಮೋಚನೆ ಒಂದು ಚಿಕ್ಕ ಭಾಗ. ಪೋರ್ಚುಗೀಸರು ಬಿಟ್ಟುಹೋಗಲು ಒಪ್ಪಲಿಲ್ಲ, 1961ರಲ್ಲಿ ಸೇನೆ ಹೋಯಿತು, ಗೋವಾ ಭಾರತಕ್ಕೆ ಸೇರಿತು. ಇಷ್ಟನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬಹುದು. ಆದರೆ ಬೋಧನಾ ಅಭ್ಯಾಸದ ಅವಧಿಯಲ್ಲಿ ಈ ಭಾಗವನ್ನು ತೆಗೆದುಕೊಂಡಾಗ ಒಬ್ಬ ಹುಡುಗ ಕೇಳಿದ ಪ್ರಶ್ನೆ ಇದು: “ಎರಡು ದಿನದಲ್ಲಿ ಮುಗಿಯೋ ಕೆಲಸಕ್ಕೆ ಹದಿನಾಲ್ಕು ವರ್ಷ ಯಾಕೆ ಕಾದರು ಮಿಸ್?”

ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಸರ್ಕಾರಕ್ಕೆ ಧೈರ್ಯವಿರಲಿಲ್ಲ ಎಂಬುದು ಒಂದು, ನೆಹರೂ ಅವರಿಗೆ ಶಾಂತಿ ಬೇಕಿತ್ತು ಎಂಬುದು ಇನ್ನೊಂದು. ಎರಡೂ ಉತ್ತರಗಳು ಒಬ್ಬ ವ್ಯಕ್ತಿಯ ಸ್ವಭಾವದ ಬಗ್ಗೆ ಹೇಳುತ್ತವೆಯೇ ಹೊರತು ಒಂದು ಸರ್ಕಾರ ಕುಳಿತು ಏನೇನು ತೂಗಿ ನೋಡುತ್ತದೆ ಎಂಬುದನ್ನು ತಿಳಿಸುವುದಿಲ್ಲ. ಮುಂದೆ ಮತದಾರರಾಗುವ ಮಕ್ಕಳಿಗೆ ಬೇಕಾದದ್ದು ಈ ಎರಡನೆಯ ತಿಳಿವಳಿಕೆ. ಅದನ್ನು ತರಗತಿಗೆ ತರುವ ಒಂದು ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಪರಿಕಲ್ಪನೆಯ ಸ್ಪಷ್ಟತೆ

ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ಆದ್ದರಿಂದ ‘ಒತ್ತಡ’ ಎಂಬ ಪದದಿಂದಲೇ ಪಾಠ ಆರಂಭಿಸಿದೆ. ಮಕ್ಕಳಿಗೆ ಗೊತ್ತಿರುವಂತೆ ಒತ್ತಡವೆಂದರೆ ಏಕಮಾನ ವಿಸ್ತೀರ್ಣದ ಮೇಲೆ ಬೀಳುವ ಬಲ. ಅದೇ ಬಲ ಸೂಜಿಯ ಮೊನೆಯ ಮೇಲಿದ್ದರೆ ಚುಚ್ಚುತ್ತದೆ, ಹಲಗೆಯ ಮೇಲೆ ಹರಡಿದರೆ ಗುರುತೂ ಉಳಿಯುವುದಿಲ್ಲ. ಒಂದು ದೇಶ ಇನ್ನೊಂದರ ಮೇಲೆ ಒತ್ತಡ ಹೇರುವಾಗಲೂ ಬಲ ಎಷ್ಟು ಎಂದು ಕೇಳಿದರೆ ಸಾಲದು, ಅದು ಯಾರ ಮೇಲೆ ಬೀಳುತ್ತದೆ ಎಂದೂ ಕೇಳಬೇಕು. ಹೋಲಿಕೆ ಇಲ್ಲಿಗೆ ನಿಲ್ಲಬೇಕು ಎಂಬುದನ್ನೂ ಹೇಳಿದೆ. ಹಲಗೆ ತಿರುಗಿ ಯೋಚಿಸುವುದಿಲ್ಲ. ಎದುರಿನ ಸರ್ಕಾರ ಯೋಚಿಸುತ್ತದೆ, ಬೇರೆ ದಾರಿ ಹುಡುಕುತ್ತದೆ.

ಶಿಕ್ಷಕರಿಗೆ ಬೇಕಾದ ಹಿನ್ನೆಲೆ

ಮೊದಲ ಹಂತ ಮಾತುಕತೆಯದು. 1950ರ ಫೆಬ್ರವರಿಯಲ್ಲಿ ಭಾರತ ಮಾತುಕತೆಗೆ ಕೇಳಿಕೊಂಡಿತು. ಸಲಜಾರ್ ನೇತೃತ್ವದ ಪೋರ್ಚುಗಲ್ ಒಪ್ಪಲಿಲ್ಲ. 1951ರಲ್ಲಿ ಅದು ತನ್ನ ಸಂವಿಧಾನವನ್ನೇ ಬದಲಿಸಿ, ವಸಾಹತುಗಳನ್ನು ‘ಸಾಗರೋತ್ತರ ಪ್ರಾಂತ್ಯಗಳು’ ಎಂದು ಕರೆಯಿತು. ಗೋವಾ ವಸಾಹತೇ ಅಲ್ಲ, ಪೋರ್ಚುಗಲ್‌ನ ಭಾಗ ಎಂಬುದು ಅದರ ವಾದವಾಯಿತು. ಹೀಗಾದಾಗ ಮಾತನಾಡಲು ವಿಷಯವೇ ಉಳಿಯುವುದಿಲ್ಲ. 1953ರ ಜೂನ್‌ನಲ್ಲಿ ಭಾರತ ಲಿಸ್ಬನ್‌ನಲ್ಲಿದ್ದ ತನ್ನ ರಾಯಭಾರ ಕಚೇರಿಯನ್ನು ಮುಚ್ಚಿತು. ಇದೇ ಹೊತ್ತಿಗೆ ಫ್ರಾನ್ಸ್ ಮಾತುಕತೆಗೆ ಒಪ್ಪಿ, 1954ರ ನವೆಂಬರ್ 1ರಂದು ಪಾಂಡಿಚೇರಿಯ ಆಡಳಿತವನ್ನು ಭಾರತಕ್ಕೆ ವಹಿಸಿಕೊಟ್ಟಿತು. ಎರಡನ್ನೂ ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದರೆ, ಮಾತುಕತೆ ಎಂಬುದು ಒಬ್ಬರಿಂದ ನಡೆಯುವ ಕೆಲಸವಲ್ಲ ಎಂಬುದು ಮಕ್ಕಳಿಗೆ ತಾನಾಗಿ ಕಾಣುತ್ತದೆ.

ಎರಡನೆಯ ಹಂತ ಒತ್ತಡದ್ದು. 1955ರ ಆಗಸ್ಟ್ 15ರಂದು ಗೋವಾ ಗಡಿ ದಾಟಿದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ದೇಶದಲ್ಲಿ ಕೋಪ ಭುಗಿಲೆದ್ದಿತು. ಸರ್ಕಾರ ಸೇನೆ ಕಳಿಸಲಿಲ್ಲ. ಸಾಮೂಹಿಕ ಸತ್ಯಾಗ್ರಹ ಮುಂದುವರಿಯುವುದನ್ನೂ ಬೆಂಬಲಿಸಲಿಲ್ಲ. ಬದಲಿಗೆ ಆರ್ಥಿಕ ದಿಗ್ಬಂಧನವನ್ನು ಬಿಗಿಗೊಳಿಸಿತು. ಕ್ಯಾಸಲ್‌ರಾಕ್ ಮೂಲಕ ಮರ್ಮಗೋವಾಕ್ಕೆ ಹೋಗುತ್ತಿದ್ದ ರೈಲು ಸಂಪರ್ಕ ನಿಂತಿತು. ಆದರೆ ಗೋವಾ ಬೇಕಾದದ್ದನ್ನು ಸಮುದ್ರದ ಮೂಲಕ ತರಿಸಿಕೊಂಡಿತು. ಕಬ್ಬಿಣದ ಅದಿರಿನ ರಫ್ತು ಅದರ ಕೈಹಿಡಿಯಿತು. ಕಷ್ಟವಾದದ್ದು ಗಡಿಯ ಎರಡೂ ಕಡೆ ಬಂಧುಗಳನ್ನು ಹೊಂದಿದ್ದ, ಈಚೆಗೆ ದುಡಿಯಲು ಬರುತ್ತಿದ್ದ ಸಾಮಾನ್ಯ ಗೋವನ್ನರಿಗೆ.

ಸೇನೆಯನ್ನು ಏಕೆ ಬಳಸಲಿಲ್ಲ? ಸರ್ಕಾರದ ಮುಂದೆ ಹಲವು ಲೆಕ್ಕಗಳಿದ್ದವು. ವಿವಾದಗಳನ್ನು ಶಾಂತಿಯಿಂದ ಬಗೆಹರಿಸಬೇಕು ಎಂದು ಭಾರತ ಜಗತ್ತಿಗೆ ಹೇಳುತ್ತಿತ್ತು. ಕಾಶ್ಮೀರದ ವಿಷಯ ವಿಶ್ವಸಂಸ್ಥೆಯ ಮುಂದಿತ್ತು. ಪೋರ್ಚುಗಲ್ 1949ರಿಂದ ನ್ಯಾಟೋ ಸದಸ್ಯ ರಾಷ್ಟ್ರವಾಗಿತ್ತು. 1955ರ ಡಿಸೆಂಬರ್‌ನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಡಲ್ಲೆಸ್, ಪೋರ್ಚುಗಲ್‌ನ ವಿದೇಶಾಂಗ ಸಚಿವರೊಡನೆ ನೀಡಿದ ಜಂಟಿ ಹೇಳಿಕೆಯಲ್ಲಿ ಈ ಪ್ರದೇಶಗಳನ್ನು ‘ಪ್ರಾಂತ್ಯಗಳು’ ಎಂದೇ ಕರೆದಿದ್ದರು. ಅದೇ ಸುಮಾರಿಗೆ ದಾದ್ರಾ ಮತ್ತು ನಗರ ಹವೇಲಿಯ ವಿಷಯದಲ್ಲಿ ಪೋರ್ಚುಗಲ್ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿತ್ತು. 1960ರ ಏಪ್ರಿಲ್‌ನಲ್ಲಿ ಬಂದ ತೀರ್ಪು ನಾಗರಿಕರು, ಅಧಿಕಾರಿಗಳು ಮತ್ತು ಸರಕಿನ ಸಂಚಾರಕ್ಕೆ ಪೋರ್ಚುಗಲ್‌ಗೆ ಹಕ್ಕಿತ್ತು, ಸೇನೆಗೆ ಮತ್ತು ಶಸ್ತ್ರಾಸ್ತ್ರಗಳಿಗೆ ಇರಲಿಲ್ಲ ಎಂದಿತು. ಭಾರತ ತನ್ನ ಬಾಧ್ಯತೆಯನ್ನು ಮೀರಿಲ್ಲ ಎಂದೂ ಹೇಳಿತು.

ಮೂರನೆಯ ಹಂತದಲ್ಲಿ ತಕ್ಕಡಿ ವಾಲಿತು. 1960ರ ಡಿಸೆಂಬರ್ 14ರಂದು ವಿಶ್ವಸಂಸ್ಥೆಯ ಮಹಾಸಭೆ ವಸಾಹತುಶಾಹಿ ಕೊನೆಗೊಳ್ಳಬೇಕೆಂಬ ಘೋಷಣೆಯನ್ನು ಅಂಗೀಕರಿಸಿತು. ಮರುದಿನದ ನಿರ್ಣಯ ಗೋವಾವನ್ನೂ ಸ್ವಯಮಾಡಳಿತವಿಲ್ಲದ ಪ್ರದೇಶಗಳ ಪಟ್ಟಿಯಲ್ಲಿ ಹೆಸರಿಸಿತು. ‘ಪ್ರಾಂತ್ಯ’ ಎಂಬ ವಾದಕ್ಕೆ ಪೆಟ್ಟು ಬಿತ್ತು. 1961ರಲ್ಲಿ ಅಂಗೋಲಾದಲ್ಲಿ ಪೋರ್ಚುಗಲ್ ವಿರುದ್ಧ ದಂಗೆ ಎದ್ದಿತು. ಭಾರತ ತನ್ನ ಮನೆಬಾಗಿಲಿನ ಗೋವಾದಲ್ಲೇ ಸುಮ್ಮನಿದೆ ಎಂಬ ಅಸಮಾಧಾನ ಆಫ್ರಿಕಾದ ನಾಯಕರಿಂದ ಕೇಳಿಬಂತು. ಆವರೆಗೆ ಬಲಪ್ರಯೋಗದಿಂದ ಹೆಸರು ಕೆಡುತ್ತದೆ ಎಂಬ ಅಳುಕಿತ್ತು. ಈಗ ಸುಮ್ಮನಿದ್ದರೂ ಹೆಸರು ಕೆಡುವಂತಾಯಿತು.

1961ರ ನವೆಂಬರ್‌ನಲ್ಲಿ ನಮ್ಮ ಕಾರವಾರದ ಎದುರಿಗಿರುವ ಅಂಜದೀವ ದ್ವೀಪದಿಂದ ಪೋರ್ಚುಗೀಸರು ಭಾರತದ ಪ್ರಯಾಣಿಕರ ಹಡಗಿನ ಮೇಲೆ, ಬಳಿಕ ಮೀನುಗಾರರ ದೋಣಿಯ ಮೇಲೆ ಗುಂಡು ಹಾರಿಸಿದರು. ಬೆಳಗಾವಿಯ ಕಡೆ ಸೇನೆ ಜಮಾಯಿಸಿತು. ರಕ್ಷಣಾ ಸಚಿವ ಕೃಷ್ಣ ಮೆನನ್ ಕಾರ್ಯಾಚರಣೆಯ ಪರವಾಗಿದ್ದರು. ಅಮೆರಿಕದ ರಾಯಭಾರಿ ಗಾಲ್ಬ್ರೇತ್ ತಡೆಯಲು ಯತ್ನಿಸುತ್ತಿದ್ದರು. ವಿಶ್ವಸಂಸ್ಥೆಯಿಂದ ಊ ಥಾಂಟ್ ಮಾತುಕತೆಗೆ ಮನವಿ ಮಾಡಿದರು. ಡಿಸೆಂಬರ್ 18ರ ಬೆಳಗಿನ ಜಾವ ಸೇನೆ ಗೋವಾ ಪ್ರವೇಶಿಸಿತು. ಕೊನೆಯವರೆಗೂ ಹೋರಾಡಿ ಎಂದು ಸಲಜಾರ್ ಆದೇಶಿಸಿದ್ದರೂ ಗವರ್ನರ್ ವಸ್ಸಾಲೊ ಇ ಸಿಲ್ವಾ 19ರ ಸಂಜೆ ಶರಣಾದರು. ಕದನ ನಿಲ್ಲಿಸಿ ಸೇನೆ ವಾಪಸಾಗಬೇಕೆಂಬ ನಿರ್ಣಯಕ್ಕೆ ಭದ್ರತಾ ಮಂಡಳಿಯಲ್ಲಿ ಏಳು ಮತ ಬಿದ್ದವು, ನಾಲ್ಕು ವಿರುದ್ಧ ಬಿದ್ದವು. ಸೋವಿಯತ್ ಒಕ್ಕೂಟದ ವೀಟೋದಿಂದ ಅದು ಬಿದ್ದುಹೋಯಿತು. ಗೋವಾ ಭಾರತದ್ದೆಂದು ಪೋರ್ಚುಗಲ್ ಒಪ್ಪಿದ್ದು 1974ರಲ್ಲಿ, ತನ್ನದೇ ಸರ್ವಾಧಿಕಾರ ಕುಸಿದ ಬಳಿಕ.

ತರಗತಿ ಚಟುವಟಿಕೆ

ತರಗತಿಯನ್ನು ನಾಲ್ಕು ಗುಂಪು ಮಾಡಬೇಕು: ವಿದೇಶಾಂಗ ಇಲಾಖೆ, ರಕ್ಷಣಾ ಇಲಾಖೆ, ಸಂಸತ್ತಿನ ಸದಸ್ಯರು, ಗೋವಾದೊಳಗಿನ ಜನರು. 1955ರ ಆಗಸ್ಟ್, 1961ರ ಜನವರಿ, 1961ರ ಡಿಸೆಂಬರ್ ಎಂಬ ಮೂರು ದಿನಾಂಕಗಳ ಕಾರ್ಡ್‌ಗಳನ್ನು ಒಂದಾದ ಮೇಲೊಂದರಂತೆ ಕೊಡಬೇಕು. ಕಾರ್ಡ್‌ನಲ್ಲಿ ಆ ದಿನದವರೆಗೆ ಗೊತ್ತಿದ್ದ ಸಂಗತಿಗಳು ಮಾತ್ರ ಇರಬೇಕು. ಎರಡು ದಿನದಲ್ಲಿ ಗೆದ್ದೆವು ಎಂಬುದು ನಮಗೆ ಗೊತ್ತು, 1955ರಲ್ಲಿ ಕುಳಿತವರಿಗೆ ಗೊತ್ತಿರಲಿಲ್ಲ. ಈ ನಿಯಮ ಸಡಿಲವಾದರೆ ಚಟುವಟಿಕೆಗೆ ಅರ್ಥವಿಲ್ಲ.

ಕಪ್ಪುಹಲಗೆಯ ಮೇಲೆ ನಾಲ್ಕು ಅಂಕಣಗಳ ಕೋಷ್ಟಕ ಸಾಕು: ಆಯ್ಕೆ, ಅದರಿಂದ ಸಿಗುವುದು, ತೆರಬೇಕಾದ ಬೆಲೆ, ಆ ಬೆಲೆ ತೆರುವವರು ಯಾರು. ನಾಲ್ಕನೆಯ ಅಂಕಣವೇ ಪಾಠದ ಜೀವಾಳ. ದಿಗ್ಬಂಧನದ ಸಾಲನ್ನು ತುಂಬುವಾಗ ಗೋವಾ ಜನರ ಗುಂಪಿನ ಹುಡುಗಿಯೊಬ್ಬಳು, “ಇದರಿಂದ ಸಲಜಾರ್ ಮನೆಯಲ್ಲಿ ಅಕ್ಕಿ ಕಮ್ಮಿ ಆಯ್ತಾ ಮಿಸ್?” ಎಂದು ಕೇಳಿದಳು. ಬಲ ಮತ್ತು ವಿಸ್ತೀರ್ಣದ ಮಾತನ್ನು ಆಗ ನಾನು ಮತ್ತೆ ಹೇಳಬೇಕಾಗಲಿಲ್ಲ. ರಕ್ಷಣಾ ಇಲಾಖೆಯ ಗುಂಪು 1955ರಲ್ಲೇ ಸೇನೆ ಕಳಿಸಬೇಕೆಂದು ಕೊನೆವರೆಗೂ ಪಟ್ಟು ಹಿಡಿಯಿತು. ಅದನ್ನು ತಿದ್ದಬೇಕಿಲ್ಲ. ಅಂದಿನ ಸಂಸತ್ತಿನಲ್ಲೂ ಹಾಗೆ ಕೇಳಿದವರಿದ್ದರು. ‘ಹಾಗಾದರೆ ನ್ಯಾಟೋ ಸಾಲಿನಲ್ಲಿ ಏನು ಬರೆಯುತ್ತೀರಿ?’ ಎಂದಷ್ಟೇ ಕೇಳಿದರೆ ಸಾಕು.

ಗಮನಿಸಬೇಕಾದ ಅಂಶಗಳು

ಒಂದು, ಕೊನೆಯಲ್ಲಿ ಶಿಕ್ಷಕರು ತೀರ್ಪು ಕೊಡಬಾರದು. ಹದಿನಾಲ್ಕು ವರ್ಷ ಕಾದದ್ದು ಸರಿಯೇ ಎಂಬ ಬಗ್ಗೆ ಇತಿಹಾಸಕಾರರಲ್ಲೇ ಭಿನ್ನಾಭಿಪ್ರಾಯವಿದೆ. ಎರಡು, ಗೋವಾದ ಜನರ ಗುಂಪನ್ನು ಕೈಬಿಡಬಾರದು. ಭೂಪಟದ ಮೇಲೆ ಪಾಠ ಮಾಡುವಾಗ ಅಲ್ಲಿ ಬದುಕುವವರು ಮೊದಲು ಮರೆತುಹೋಗುತ್ತಾರೆ. ಮೂರು, ಸಮಯ. ಒಂದು ಅವಧಿಯಲ್ಲಿ ಇದು ಮುಗಿಯುವುದಿಲ್ಲ. ಹಿನ್ನೆಲೆಗೆ ಒಂದು, ಚಟುವಟಿಕೆಗೆ ಒಂದು ಎಂದು ಎರಡು ಅವಧಿಗಳನ್ನು ಪಾಠ ಯೋಜನೆಯಲ್ಲೇ ತೋರಿಸುವುದು ಒಳ್ಳೆಯದು.

ಮೌಲ್ಯಮಾಪನಕ್ಕೆ ‘ಗೋವಾ ಯಾವಾಗ ವಿಮೋಚನೆಯಾಯಿತು?’ ಎಂಬ ಪ್ರಶ್ನೆಯ ಜೊತೆಗೆ ಇನ್ನೊಂದನ್ನು ಕೊಡಬಹುದು: ‘1955ರಲ್ಲಿ ಇಲ್ಲದೆ 1961ರಲ್ಲಿ ಬದಲಾಗಿದ್ದ ಎರಡು ಸಂಗತಿಗಳನ್ನು ಬರೆದು, ಅವು ಸರ್ಕಾರದ ನಿರ್ಧಾರವನ್ನು ಹೇಗೆ ಬದಲಿಸಿದವು ಎಂದು ವಿವರಿಸಿ.’ ಹದಿನಾಲ್ಕು ವರ್ಷ ಯಾಕೆ ಎಂದು ಕೇಳಿದ ಹುಡುಗ ಇದಕ್ಕೆ ಒಂದೂವರೆ ಪುಟ ಬರೆದಿದ್ದ. ಕಾದದ್ದು ಹೆಚ್ಚಾಯಿತು ಎಂಬುದು ಅವನ ಅಭಿಪ್ರಾಯವಾಗಿಯೇ ಉಳಿದಿತ್ತು, ಆದರೆ ಈ ಸಲ ಅದಕ್ಕೆ ಕಾರಣಗಳನ್ನು ಕೊಟ್ಟಿದ್ದ.