ಲ್ಯಾಬ್‌ನಲ್ಲಿ ಕ್ಯಾನ್ಸರ್ ಕೋಶ ಸತ್ತರೆ ಕಾಯಿಲೆ ವಾಸಿಯಾದಂತೆಯೇ?

"ನಿಂಬೆಹಣ್ಣು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ, ಕಿಮೋಥೆರಪಿಗಿಂತ 10,000 ಪಟ್ಟು ಶಕ್ತಿಶಾಲಿ, ಲ್ಯಾಬ್‌ನಲ್ಲಿ ಸಾಬೀತಾಗಿದೆ." ಇಂಥ ಸಂದೇಶ ವರ್ಷಗಳಿಂದ ಹರಿದಾಡುತ್ತಿದೆ. ಕಾಳಗಿ, ಚಿಂಚೋಳಿ, ಸೇಡಂ ಕಡೆಯ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮೊದಲು, ಲ್ಯಾಬ್‌ನಲ್ಲಿ ನಿಜಕ್ಕೂ ಏನು ನಡೆಯುತ್ತದೆ ಎಂದು ನೋಡೋಣ.

ಕೋಶ ಬೆಳೆಸುವುದು ಹೇಗೆ?

ದೇಹದಿಂದ ತೆಗೆದ ಕೋಶಗಳನ್ನು ಹೊರಗೆ ಬೆಳೆಸುವುದೇ ಸೆಲ್ ಕಲ್ಚರ್. 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕಂಠದ ಗೆಡ್ಡೆಯಿಂದ, ಅವರ ಒಪ್ಪಿಗೆ ಕೇಳದೆ ತೆಗೆದ 'ಹೀಲಾ' ಕೋಶಗಳು ಇಂದಿಗೂ ಬೆಳೆಯುತ್ತಿವೆ. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರವು ಇಂಥ ಕೋಶಗಳನ್ನು ಕಾಪಾಡಿ ಸಂಶೋಧಕರಿಗೆ ಒದಗಿಸುತ್ತದೆ.

ಲ್ಯಾಬ್‌ಗೆ ಹೊಸದಾಗಿ ಸೇರಿದವರು ಮೊದಲು ಕಲಿಯುವುದು ಶುಚಿತ್ವ. ಕೈಗವಸಿಗೆ 70% ಆಲ್ಕೋಹಾಲ್ ಸಿಂಪಡಿಸಿಕೊಂಡು, ಸೋಸಿದ ಗಾಳಿ ಹರಿಯುವ ಕ್ಯಾಬಿನೆಟ್‌ನೊಳಗೇ ಕೆಲಸ ಮಾಡಬೇಕು. ಬ್ಯಾಕ್ಟೀರಿಯಾ ಹೊಕ್ಕರೆ ಎಲ್ಲವೂ ಹಾಳು. ಕೋಶಗಳ ಆಹಾರ 'ಮೀಡಿಯಂ' ಎಂಬ ದ್ರವ. ಸಾಮಾನ್ಯವಾಗಿ ಕೆಂಪಗಿರುವ ಇದು ಹಳದಿಗೆ ತಿರುಗಿದರೆ, ಹುಳಿ ಹೆಚ್ಚಾಗಿದೆ ಎಂದರ್ಥ. ಇನ್‌ಕ್ಯುಬೇಟರ್‌ನಲ್ಲಿ 37 ಡಿಗ್ರಿ ಸೆಲ್ಸಿಯಸ್ ಶಾಖ, 5% ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ತಟ್ಟೆ ತುಂಬಿದಾಗ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಕೋಶಗಳನ್ನು ಬಿಡಿಸಿ, ಸಸಿ ಕಿತ್ತು ನೆಟ್ಟಂತೆ ಹೊಸ ತಟ್ಟೆಗೆ ಹಾಕುತ್ತಾರೆ.

ಹಾಗಾದರೆ ಸಂದೇಶದಲ್ಲಿ ತಪ್ಪೇನು?

ಇಷ್ಟು ನಾಜೂಕಾದ ಕೋಶಗಳನ್ನು ಕೊಲ್ಲುವುದು ಕಷ್ಟವಲ್ಲ. ಬ್ಲೀಚ್ ಹಾಕಿದರೂ ಸಾಯುತ್ತವೆ, ಉಪ್ಪು ಹೆಚ್ಚಾದರೂ ಸಾಯುತ್ತವೆ. ತಟ್ಟೆಯಲ್ಲಿ ಹೊಟ್ಟೆ, ಲಿವರ್, ರಕ್ತ ಯಾವುದೂ ಇಲ್ಲ. ಅರಿಶಿನದ ಕರ್ಕ್ಯುಮಿನ್ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ. ಆದರೆ ತಿಂದಾಗ ರಕ್ತಕ್ಕೆ ಸೇರುವುದು ತೀರಾ ಕಡಿಮೆ.

ಗಿಡಗಳಿಂದ ಔಷಧಿ ಬರುವುದೇ ಇಲ್ಲ ಎಂದಲ್ಲ. ನಮ್ಮ ಅಂಗಳದ ನಿತ್ಯಪುಷ್ಪದಿಂದಲೇ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ಬಂದಿದೆ. ಆದರೆ ಅದು ಮನುಷ್ಯರ ಮೇಲಿನ ಪರೀಕ್ಷೆ ದಾಟಿ ಬಂದ, ಅಳತೆ ಮಾಡಿ ಕೊಡುವ ಇಂಜೆಕ್ಷನ್. ಎಲೆ ಅಗಿದರೆ ವಿಷವಾಗಬಹುದು.

ಕೊನೆಯ ಮಾತು

ಇಂಥ ಸಂದೇಶ ನಂಬಿ ಯಾರಾದರೂ ಚಿಕಿತ್ಸೆ ಮುಂದೂಡಿದರೆ, ಅಷ್ಟರಲ್ಲಿ ಗೆಡ್ಡೆ ಬೆಳೆಯುತ್ತದೆ. ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಚಿಕಿತ್ಸಾ ಕೇಂದ್ರವಿದೆ. ಮೊದಲು ವೈದ್ಯರನ್ನು ಕಾಣಿ. "ಲ್ಯಾಬ್‌ನಲ್ಲಿ ಸಾಬೀತು" ಎಂಬ ಸಂದೇಶ ಮತ್ತೆ ಬಂದಾಗ ಕಳಿಸಿದವರನ್ನು ಒಂದೇ ಪ್ರಶ್ನೆ ಕೇಳಿ: ತಟ್ಟೆಯಲ್ಲೋ, ಮನುಷ್ಯರಲ್ಲೋ?